ಆಸ್ಟಿನ್‌ನ 10.72, ಪ್ಯಾರಿಸ್‌ನ 10.72

2023ರ ಜೂನ್ 10. ಅಮೆರಿಕದ ಆಸ್ಟಿನ್‌ನಲ್ಲಿ ಕಾಲೇಜು ವಿದ್ಯಾರ್ಥಿಗಳ ರಾಷ್ಟ್ರೀಯ ಅಥ್ಲೆಟಿಕ್ಸ್ ಕೂಟ. ಅವತ್ತಿಗೆ ಸರಿಯಾಗಿ 22 ತುಂಬಿದ ಒಬ್ಬ ವಿದ್ಯಾರ್ಥಿನಿ ತಮ್ಮದೇ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 100 ಮೀಟರ್ ಓಡಿ ಗೆದ್ದರು. ಬೋರ್ಡಿನ ಮೇಲೆ 10.72 ಸೆಕೆಂಡ್ ಎಂದು ಮೂಡಿತು.

2024ರ ಆಗಸ್ಟ್ 3. ಪ್ಯಾರಿಸ್‌ನಲ್ಲಿ ಮಳೆ. ಅದೇ ಹುಡುಗಿ ಈಗ ಒಲಿಂಪಿಕ್ಸ್ ಫೈನಲ್‌ನಲ್ಲಿ ನಿಂತಿದ್ದರು. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. ನಿದ್ದೆಗಣ್ಣಿನಲ್ಲಿ ಟಿವಿ ಮುಂದೆ ಕೂತಿದ್ದ ನಾನು ಓಟ ಮುಗಿಯುವಷ್ಟರಲ್ಲಿ ಎದ್ದು ನಿಂತಿದ್ದೆ. ಬೋರ್ಡಿನ ಮೇಲೆ ಮತ್ತೆ ಅದೇ ಅಂಕಿ, 10.72.

ಹೆಸರು ಜೂಲಿಯನ್ ಆಲ್ಫ್ರೆಡ್. ದೇಶ ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ಸೇಂಟ್ ಲೂಸಿಯಾ. ಪ್ಯಾರಿಸ್‌ನ ಆ ಓಟ ಅವರ ದೇಶಕ್ಕೆ ಒಲಿಂಪಿಕ್ಸ್‌ನ ಮೊಟ್ಟಮೊದಲ ಪದಕ ತಂದಿತು. ಅದೂ ಚಿನ್ನ. ಆಸ್ಟಿನ್‌ನ ಓಟವೋ, ದಾಖಲೆ ಪುಸ್ತಕದಲ್ಲಿ ಲೆಕ್ಕಕ್ಕೇ ಇಲ್ಲ. ಈ ಎರಡರ ನಡುವೆ ಇನ್ನೊಂದು ಓಟವಿದೆ. 2023ರ ಆಗಸ್ಟ್‌ನಲ್ಲಿ ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಶಿಪ್. ಅಲ್ಲಿ ಜೂಲಿಯನ್ ಓಡಿದ್ದು 10.93. ಐದನೇ ಸ್ಥಾನ.

ಜೂನ್‌ನಲ್ಲಿ 10.72, ಆಗಸ್ಟ್‌ನಲ್ಲಿ 10.93, ಮುಂದಿನ ಆಗಸ್ಟ್‌ನಲ್ಲಿ ಮತ್ತೆ 10.72. ಎರಡು ತಿಂಗಳಲ್ಲಿ ವೇಗ ಎಲ್ಲಿಗೆ ಹೋಯಿತು? ಮತ್ತೆ ಎಲ್ಲಿಂದ ಬಂತು? ಇದು ಗೊತ್ತಾದರೆ ಕಾಲೇಜಿನಲ್ಲಿ ಮಿಂಚಿದ ಓಟಗಾರ್ತಿ ಅಂತರರಾಷ್ಟ್ರೀಯ ಓಟಗಾರ್ತಿ ಆಗೋದು ಹೇಗೆ ಅನ್ನೋದೂ ಗೊತ್ತಾಗುತ್ತದೆ. ನಾವು ಸಾಮಾನ್ಯವಾಗಿ "ದೊಡ್ಡ ವೇದಿಕೆಯಲ್ಲಿ ಹೆದರಿಬಿಟ್ಟಳು" ಎಂದು ಸುಮ್ನೆ ಹೇಳಿಬಿಡುತ್ತೇವೆ. ನನಗೆ ಆ ಮಾತು ಯಾವತ್ತೂ ಸರಿ ಅನ್ನಿಸಿಲ್ಲ.

ದ್ವೀಪದಿಂದ ಹೊರಟ ಹುಡುಗಿ

ಸೇಂಟ್ ಲೂಸಿಯಾ ನಮಗೆ ಪೂರ್ತಿ ಅಪರಿಚಿತ ಏನಲ್ಲ. ವೆಸ್ಟ್ ಇಂಡೀಸ್‌ಗೆ ಎರಡು ಸಲ ಟಿ20 ವಿಶ್ವಕಪ್ ಗೆದ್ದುಕೊಟ್ಟ ನಾಯಕ ಡ್ಯಾರೆನ್ ಸ್ಯಾಮಿ ಅಲ್ಲಿಯವರು. 2024ರ ಜೂನ್‌ನಲ್ಲಿ ರೋಹಿತ್ ಶರ್ಮಾ ಆಸ್ಟ್ರೇಲಿಯಾದ ಮೇಲೆ 92 ರನ್ ಚಚ್ಚಿದ್ದು ನೆನಪಿದೆ ಅಲ್ವಾ? ಅದು ಇದೇ ದ್ವೀಪದಲ್ಲಿ, ಸ್ಯಾಮಿ ಹೆಸರಿನ ಮೈದಾನದಲ್ಲಿ. ಅದಾಗಿ ಆರು ವಾರಕ್ಕೆ ಜೂಲಿಯನ್ ಪ್ಯಾರಿಸ್‌ನಲ್ಲಿ ಗೆದ್ದರು.

ದೇಶ ಎಷ್ಟು ಚಿಕ್ಕದು ಅಂದರೆ ಬೆಂಗಳೂರು ಮಹಾನಗರದ ವಿಸ್ತೀರ್ಣವೇ ಅದಕ್ಕಿಂತ ದೊಡ್ಡದು. ಜನಸಂಖ್ಯೆ ಸುಮಾರು 1.8 ಲಕ್ಷ. ನಮ್ಮ ಒಂದು ಸಾಧಾರಣ ತಾಲ್ಲೂಕಿನಷ್ಟು. ಕ್ರಿಕೆಟ್‌ಗೆ ಒಳ್ಳೆಯ ಮೈದಾನ ಇದೆ. ಓಟಕ್ಕೆ? 2009ರಲ್ಲಿ ದೇಶದ ದಕ್ಷಿಣ ಭಾಗದ ಸೇಂಟ್ ಜೂಡ್ ಆಸ್ಪತ್ರೆ ಬೆಂಕಿಗೆ ಸಿಕ್ಕಿತು. ರೋಗಿಗಳನ್ನು ಹತ್ತಿರದ ಜಾರ್ಜ್ ಓಡ್ಲಮ್ ಕ್ರೀಡಾಂಗಣಕ್ಕೆ ಸಾಗಿಸಿದರು. ತಾತ್ಕಾಲಿಕ ವ್ಯವಸ್ಥೆ ಎಂದು ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಓಟಗಾರರ ಸ್ಟೇಡಿಯಂ ಆಸ್ಪತ್ರೆಯಾಗಿಯೇ ಉಳಿಯಿತು. ಯಾರನ್ನೂ ಬೈಯುವಂತಿಲ್ಲ. ರೋಗಿಯ ಮಂಚ ಮುಖ್ಯವೋ ಓಟದ ಟ್ರ್ಯಾಕ್ ಮುಖ್ಯವೋ ಎಂದು ಕೇಳಿದರೆ ಯಾವ ಊರಿನವರೂ ಮಂಚ ಅಂತಲೇ ಹೇಳುತ್ತಾರೆ. ಆದರೆ ಆ ವರ್ಷಗಳಲ್ಲಿ ಅಲ್ಲಿ ಬೆಳೆದ ಮಕ್ಕಳಿಗೆ ಓಡಲು ಸರಿಯಾದ ಜಾಗ ಇರಲಿಲ್ಲ ಅನ್ನೋದೂ ಅಷ್ಟೇ ನಿಜ.

ಜೂಲಿಯನ್ ಬೆಳೆದದ್ದು ರಾಜಧಾನಿ ಕ್ಯಾಸ್ಟ್ರೀಸ್ ಪಕ್ಕದ ಸಿಸೆರಾನ್‌ನಲ್ಲಿ. ಬರಿಗಾಲಲ್ಲಿ, ಶಾಲೆಯ ಯೂನಿಫಾರ್ಮ್‌ನಲ್ಲೇ ಓಡುತ್ತಿದ್ದೆ ಎಂದು ಒಲಿಂಪಿಕ್ಸ್ ಗೆದ್ದ ರಾತ್ರಿ ಅವರೇ ಹೇಳಿಕೊಂಡರು. 2013ರಲ್ಲಿ, ಅವಳಿಗೆ 12 ವರ್ಷವಿದ್ದಾಗ, ಅಪ್ಪ ತೀರಿಕೊಂಡರು. ಮಗಳು ಓಡಿ ದೊಡ್ಡ ಹೆಸರು ಮಾಡುತ್ತಾಳೆ ಎಂದು ನಂಬಿದ್ದ ಅಪ್ಪ. ಹುಡುಗಿ ಓಟವನ್ನೇ ಬಿಟ್ಟಳು. ಊರಿನ ಕೋಚ್ ಕತ್ಬರ್ಟ್ ಮಾಡೆಸ್ಟ್ ಅವಳನ್ನು ಮತ್ತೆ ಮೈದಾನಕ್ಕೆ ಕರೆತಂದರು. ಇಂಥ ಕೋಚ್‌ಗಳು ನಮ್ಮ ಊರುಗಳಲ್ಲೂ ಇದ್ದಾರೆ. ಪಿಟಿ ಮೇಷ್ಟ್ರು ಮನೆಗೆ ಬಂದು ಅಮ್ಮನ ಹತ್ತಿರ ಮಾತಾಡಿ, "ಮಗೂನ ಕಳಿಸಿ, ನಾನು ನೋಡ್ಕೋತೀನಿ" ಎಂದದ್ದರಿಂದಲೇ ಎಷ್ಟು ಜನರ ಬದುಕು ತಿರುಗಿಲ್ಲ!

14ನೇ ವಯಸ್ಸಿಗೆ ಅವಳು ಒಬ್ಬಳೇ ಜಮೈಕಾಗೆ ಹೋದಳು. ಸೇಂಟ್ ಕ್ಯಾಥರೀನ್ ಹೈಸ್ಕೂಲ್ ಸೇರಿದಳು. ಜಮೈಕಾದಲ್ಲಿ ಓಟ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಹೈಸ್ಕೂಲು ಮಕ್ಕಳ ವಾರ್ಷಿಕ ಕೂಟಕ್ಕೇ ಸ್ಟೇಡಿಯಂ ತುಂಬುತ್ತದೆ. ಅಂಥ ಕಡೆ ಬೆಳೆಯುವ ಹುಡುಗಿಗೆ ದಿನಾ ಪಕ್ಕದಲ್ಲಿ ತನ್ನಷ್ಟೇ ವೇಗದವರು ಇರುತ್ತಾರೆ. ತನ್ನ ದ್ವೀಪದಲ್ಲಿ ಎಲ್ಲರಿಗಿಂತ ಮುಂದೆ ಓಡಿ ಅಭ್ಯಾಸವಾದವಳಿಗೆ ಇದು ಬೇಕಿತ್ತು. 2018ರಲ್ಲಿ ಬ್ಯೂನಸ್ ಐರಿಸ್‌ನ ಯೂತ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬೆಳ್ಳಿ ಗೆದ್ದಳು. ಅದೇ ವರ್ಷ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಹೊರಟಳು.

ಕಾಲೇಜು ಕೊಡುವುದು, ಕಾಲೇಜು ಕೇಳುವುದು

ನಮ್ಮಲ್ಲಿ ಕಾಲೇಜು ಅಥ್ಲೆಟಿಕ್ಸ್ ಅಂದರೆ ಕಣ್ಣ ಮುಂದೆ ಬರುವುದು ಮಣ್ಣಿನ ಟ್ರ್ಯಾಕು, ಸುಣ್ಣದ ಗೆರೆ, ವರ್ಷಕ್ಕೊಂದು ಅಂತರ ವಿಶ್ವವಿದ್ಯಾಲಯ ಕೂಟ. ಗೆದ್ದವರಿಗೆ ಸರ್ಟಿಫಿಕೇಟು, ಅದೃಷ್ಟವಿದ್ದರೆ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಕೆಲಸ. ಅಮೆರಿಕದ ವ್ಯವಸ್ಥೆ ಬೇರೆ. ಅಲ್ಲಿ ಕಾಲೇಜು ಕ್ರೀಡೆಯನ್ನು ಎನ್‌ಸಿಎಎ ಎಂಬ ಸಂಸ್ಥೆ ನಡೆಸುತ್ತದೆ. ಚೆನ್ನಾಗಿ ಓಡುವವರಿಗೆ ವಿಶ್ವವಿದ್ಯಾಲಯ ಸ್ಕಾಲರ್‌ಶಿಪ್ ಕೊಟ್ಟು ಕರೆಸಿಕೊಳ್ಳುತ್ತದೆ. ಶುಲ್ಕ, ಊಟ, ವಸತಿ, ಕೋಚ್, ಫಿಸಿಯೋ, ಜಿಮ್, ಪ್ರಯಾಣ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಆಸ್ಪತ್ರೆಯಾದ ಸ್ಟೇಡಿಯಂ ಇದ್ದ ದೇಶದಿಂದ ಬಂದವಳಿಗೆ ಇದು ಎಂಥ ಬದಲಾವಣೆ ಎಂದು ಯೋಚಿಸಿ.

ಇನ್ನೊಂದು ದೊಡ್ಡ ವಿಷಯ ಕೋಚ್. ಟೆಕ್ಸಸ್‌ನಲ್ಲಿ ಜೂಲಿಯನ್‌ಗೆ ಸಿಕ್ಕವರು ಎಡ್ರಿಕ್ ಫ್ಲೋರಿಯಲ್. ಹೈಟಿಯಲ್ಲಿ ಹುಟ್ಟಿ ಕೆನಡಾ ಪರ ಒಲಿಂಪಿಕ್ಸ್‌ನಲ್ಲಿ ಜಿಗಿದ ಟ್ರಿಪಲ್ ಜಂಪರ್. ಸ್ಟ್ಯಾನ್‌ಫರ್ಡ್, ಕೆಂಟಕಿ ವಿಶ್ವವಿದ್ಯಾಲಯಗಳಲ್ಲಿ ಕೋಚ್ ಆಗಿದ್ದು 2018ರಲ್ಲಿ ಟೆಕ್ಸಸ್‌ಗೆ ಬಂದರು. ಅದೇ ವರ್ಷ ಜೂಲಿಯನ್ ಕೂಡ ಬಂದದ್ದು. ಜಿಗಿತದವರು ಓಟ ಕಲಿಸುವುದೇ ಎಂದು ಆಶ್ಚರ್ಯ ಬೇಡ. ಓಟ ಅಂದರೆ ಒಂಟಿ ಕಾಲಿನ ಜಿಗಿತಗಳ ಸಾಲು. ಪಾದ ನೆಲಕ್ಕೆ ಎಷ್ಟು ಹೊತ್ತು ತಾಗುತ್ತದೆ, ಎಷ್ಟು ಬಲವಾಗಿ ಒದೆಯುತ್ತದೆ ಅನ್ನೋದೇ ಎರಡರಲ್ಲೂ ಆಟ.

ಆದರೆ ಕಾಲೇಜು ಸುಮ್ನೆ ಕೊಡುವುದಿಲ್ಲ. ಕೇಳುತ್ತದೆ ಕೂಡ. ಇಲ್ಲೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

ಕಾಲೇಜು ಓಟಗಾರ್ತಿ ಓಡುವುದು ತನ್ನೊಬ್ಬಳಿಗಾಗಿ ಅಲ್ಲ, ತಂಡಕ್ಕಾಗಿ. ಮೊದಲ ಸ್ಥಾನಕ್ಕೆ 10 ಅಂಕ, ಎರಡನೆಯದಕ್ಕೆ 8, ಮೂರನೆಯದಕ್ಕೆ 6, ಹೀಗೆ ಎಂಟನೆಯವರವರೆಗೆ. ಅಂಕ ಒಟ್ಟಾಗಿ ವಿಶ್ವವಿದ್ಯಾಲಯಕ್ಕೆ ಟ್ರೋಫಿ. ಹಾಗಾಗಿ ಒಳ್ಳೆಯ ಓಟಗಾರ್ತಿಗೆ ಒಂದು ಓಟ ಸಾಲದು. 100, 200, ರಿಲೇ ಮೂರೂ ಓಡಬೇಕು.

ಕ್ಯಾಲೆಂಡರ್ ನೋಡಿ. ಜನವರಿಯಲ್ಲಿ ಒಳಾಂಗಣ ಸೀಸನ್ ಶುರು. ಅಲ್ಲಿ 100 ಮೀಟರ್ ಇಲ್ಲ, 60 ಮೀಟರ್ ಇದೆ. ಮಾರ್ಚ್‌ನಲ್ಲಿ ಒಳಾಂಗಣ ರಾಷ್ಟ್ರೀಯ ಕೂಟ. ಮಾರ್ಚ್ ಕೊನೆಗೇ ಹೊರಾಂಗಣ ಸೀಸನ್. ಮೇ ತಿಂಗಳಲ್ಲಿ ತಮ್ಮ ವಲಯದ ವಿಶ್ವವಿದ್ಯಾಲಯಗಳ ಕೂಟ. ಟೆಕ್ಸಸ್ ಆಗ ಇದ್ದದ್ದು ಬಿಗ್ 12 ಗುಂಪಿನಲ್ಲಿ. ನಮ್ಮ ಹೈಜಂಪರ್ ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್ ಪರವಾಗಿ ಸ್ಪರ್ಧಿಸಿದ್ದೂ ಇದೇ ಗುಂಪಿನಲ್ಲಿ. ಆಮೇಲೆ ದೇಶವನ್ನು ಪೂರ್ವ, ಪಶ್ಚಿಮ ಎಂದು ಎರಡು ಭಾಗ ಮಾಡಿ ಅರ್ಹತಾ ಸುತ್ತು. ಪ್ರತಿ ಭಾಗದಿಂದ 12 ಜನ ಮುಂದಕ್ಕೆ. ಜೂನ್ ಮೊದಲ ಭಾಗದಲ್ಲಿ ರಾಷ್ಟ್ರೀಯ ಕೂಟ. ಅಲ್ಲೂ ಸೆಮಿಫೈನಲ್, ಫೈನಲ್. ನಡುವೆ ತರಗತಿ, ಪರೀಕ್ಷೆ, ಅಸೈನ್‌ಮೆಂಟ್. ಓದಿನಲ್ಲಿ ಹಿಂದೆ ಬಿದ್ದರೆ ಓಡಲು ಬಿಡುವುದಿಲ್ಲ.

2023ರಲ್ಲಿ ಜೂಲಿಯನ್ ಇದೆಲ್ಲವನ್ನೂ ಮಾಡಿದರು. ಕೋವಿಡ್‌ನಿಂದ ಕಳೆದುಹೋದ ಸೀಸನ್‌ಗೆ ಬದಲಾಗಿ ಸಿಕ್ಕ ಹೆಚ್ಚುವರಿ ವರ್ಷ ಅದು. ಮಾರ್ಚ್‌ನಲ್ಲಿ ಆಲ್ಬುಕರ್ಕಿಯ ಒಳಾಂಗಣ ಕೂಟದಲ್ಲಿ 60 ಮೀಟರ್‌ಗೆ 6.94, 200 ಮೀಟರ್‌ಗೆ 22.01. ಒಳಾಂಗಣ 200ರಲ್ಲಿ ಅದಕ್ಕಿಂತ ವೇಗವಾಗಿ ಓಡಿದವರು ಇತಿಹಾಸದಲ್ಲೇ ಒಬ್ಬರು, ಮರ್ಲಿನ್ ಓಟಿ. ಜೂನ್‌ನಲ್ಲಿ ಆಸ್ಟಿನ್‌ನಲ್ಲಿ ಒಂದೇ ಸಂಜೆ ಮೂರು ಗೆಲುವು: 4x100 ರಿಲೇ, 100, 200. ಟೆಕ್ಸಸ್ ಮಹಿಳೆಯರು ತಂಡ ಪ್ರಶಸ್ತಿಯನ್ನೂ ಗೆದ್ದರು. ಆ ವರ್ಷದ ಅತ್ಯುತ್ತಮ ಕಾಲೇಜು ಅಥ್ಲೀಟ್‌ಗೆ ಕೊಡುವ ಬವರ್ಮನ್ ಪ್ರಶಸ್ತಿಯೂ ಅವರಿಗೇ ಬಂತು.

ಆಗಸ್ಟ್‌ನಲ್ಲಿ ಬುಡಾಪೆಸ್ಟ್. ಜನವರಿಯಿಂದ ಓಡುತ್ತಲೇ ಇದ್ದ ಕಾಲುಗಳು ಅವು.

ಗಾಳಿಯ ಪಾಲು ಎಷ್ಟು?

ಜೂನ್‌ನ ಆ 10.72 ಯಾಕೆ ದಾಖಲೆಯಲ್ಲ ಎಂದು ಈಗ ನೋಡೋಣ. 100 ಮತ್ತು 200 ಮೀಟರ್‌ಗೆ ಒಂದು ನಿಯಮ ಇದೆ. ಓಟಗಾರರ ಬೆನ್ನಿಗೆ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಬಾರದು. ಮೀರಿದರೆ ಗೆಲುವು ಗೆಲುವೇ, ಪದಕ ಪದಕವೇ, ಆದರೆ ಸಮಯ ದಾಖಲೆಗೆ ಸೇರುವುದಿಲ್ಲ. ಟ್ರ್ಯಾಕ್ ಪಕ್ಕದಲ್ಲಿ ಗಾಳಿ ಅಳೆಯುವ ಸಾಧನ ಇರುತ್ತದೆ. ಆಸ್ಟಿನ್‌ನಲ್ಲಿ 100 ಮೀಟರ್ ವೇಳೆ ಅದು ತೋರಿಸಿದ್ದು 2.3. ಸ್ವಲ್ಪದರಲ್ಲಿ ತಪ್ಪಿತು. 200ರಲ್ಲಿ ಜೂಲಿಯನ್ 21.73 ಓಡಿದರು. ಅಲ್ಲಿ ಗಾಳಿ 2.5. ಅದೂ ಲೆಕ್ಕಕ್ಕಿಲ್ಲ. 21.73 ಅನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಬೆನ್ನಿಗೆ 2 ಮೀಟರ್ ಗಾಳಿ ಇದ್ದರೆ 100 ಮೀಟರ್‌ನಲ್ಲಿ ಸುಮಾರು 0.1 ಸೆಕೆಂಡ್ ಲಾಭ. ಅಂದರೆ ಗಾಳಿ ಇಲ್ಲದಿದ್ದರೆ ಆಸ್ಟಿನ್‌ನ ಓಟ 10.8ರ ಆಸುಪಾಸಿನಲ್ಲಿ ಇರುತ್ತಿತ್ತು. ಬುಡಾಪೆಸ್ಟ್‌ನ 10.93ಕ್ಕೂ ಇದಕ್ಕೂ ಇರುವ ಅಂತರ ಅರ್ಧಕ್ಕೆ ಇಳಿಯಿತು ನೋಡಿ. ಕಳೆದುಹೋದ ವೇಗದಲ್ಲಿ ಅರ್ಧ ಅವರದ್ದೇ ಅಲ್ಲ, ಗಾಳಿಯದು.

ಎತ್ತರದ ವಿಷಯವೂ ಹೀಗೇ. ಆಲ್ಬುಕರ್ಕಿ ಸಮುದ್ರಮಟ್ಟದಿಂದ ಸುಮಾರು 1600 ಮೀಟರ್ ಮೇಲಿದೆ. ಅಲ್ಲಿ ಗಾಳಿ ತೆಳು, ಓಡುವ ಮೈಗೆ ತಡೆ ಕಡಿಮೆ. 1000 ಮೀಟರ್‌ಗಿಂತ ಎತ್ತರದ ಊರಿನಲ್ಲಿ ಓಡಿದ ಸಮಯದ ಪಕ್ಕ ಅಂಕಿಅಂಶದ ಪಟ್ಟಿಗಳಲ್ಲಿ ಒಂದು ಗುರುತು ಹಾಕುತ್ತಾರೆ. ನಮ್ಮ ಕಂಠೀರವ ಸ್ಟೇಡಿಯಂ 900 ಮೀಟರ್ ಚಿಲ್ಲರೆ ಎತ್ತರದಲ್ಲಿದೆ. ಗುರುತು ಬೀಳದಷ್ಟು ಕೆಳಗೆ, ತುಸು ಸಹಾಯ ಸಿಗುವಷ್ಟು ಮೇಲೆ! ಬೆಂಗಳೂರಿನಲ್ಲಿ ಓಡುವ ಹುಡುಗಿಯರಿಗೆ ಇದು ಗೊತ್ತಿರಲಿ.

ಬೆಲ್ಲದ ಪಾಕದ ಹದ

ಉಳಿದ ಅರ್ಧ ಎಲ್ಲಿ ಹೋಯಿತು? ಅದಕ್ಕೆ 100 ಮೀಟರ್ ಓಟದ ಒಳಗೆ ಸ್ವಲ್ಪ ಇಣುಕಬೇಕು.

ಹನ್ನೊಂದು ಸೆಕೆಂಡೂ ಇಲ್ಲದ ಓಟದಲ್ಲಿ ಮೂರು ಬೇರೆ ಬೇರೆ ಕೆಲಸ ಇವೆ. ಮೊದಲು ಬ್ಲಾಕ್‌ನಿಂದ, ಅಂದರೆ ಓಟ ಶುರುವಾಗುವಾಗ ಪಾದ ಊರಿ ಒದೆಯುವ ಸಾಧನದಿಂದ, ಹೊರಬಂದು 30 ಮೀಟರ್‌ವರೆಗೆ ತಲೆ ಬಗ್ಗಿಸಿ ನೆಲವನ್ನು ಹಿಂದಕ್ಕೆ ತಳ್ಳುವುದು. ಆಮೇಲೆ ನಿಧಾನಕ್ಕೆ ಮೈ ನೆಟ್ಟಗಾಗಿ 50ರಿಂದ 70 ಮೀಟರ್ ನಡುವೆ ಗರಿಷ್ಠ ವೇಗ ಮುಟ್ಟುವುದು. ವಿಶ್ವದ ಮುಂಚೂಣಿ ಓಟಗಾರ್ತಿಯರು ಆ ಹೊತ್ತಿಗೆ ಗಂಟೆಗೆ ಸುಮಾರು 39 ಕಿಲೋಮೀಟರ್ ವೇಗದಲ್ಲಿರುತ್ತಾರೆ. ಒಂದೊಂದು ಹೆಜ್ಜೆಯಲ್ಲೂ ಪಾದ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೂ ಇಲ್ಲ. ಕೊನೆಯದು 70ರಿಂದ 100. ಟಿವಿಯಲ್ಲಿ ನೋಡಿದರೆ ಗೆಲ್ಲುವವರು ಕೊನೆಗೆ ವೇಗ ಹೆಚ್ಚಿಸಿಕೊಂಡ ಹಾಗೆ ಕಾಣುತ್ತದೆ. ನಿಜ ಅದಲ್ಲ. ಕೊನೆಯಲ್ಲಿ ಎಲ್ಲರೂ ನಿಧಾನ ಆಗುತ್ತಾರೆ. ಕಡಿಮೆ ನಿಧಾನ ಆದವರು ಗೆಲ್ಲುತ್ತಾರೆ.

ಜೂಲಿಯನ್ ಮೊದಲಿನಿಂದಲೂ 60 ಮೀಟರ್‌ನ ರಾಣಿ. ಮೊದಲ ಎರಡು ಕೆಲಸ ಅವರಿಗೆ ಕರಗತ. ಕೊನೆಯ 30 ಮೀಟರ್‌ನ ಕಥೆ ಬೇರೆ. ಅಲ್ಲಿ ಬೇಕಾಗುವುದು ತಾಜಾತನ. ಸ್ನಾಯುಗಿಂತ ಜಾಸ್ತಿ ನರಗಳ ತಾಜಾತನ. ದಣಿದ ನರ ಸ್ನಾಯುವಿಗೆ ಅಷ್ಟು ಬೇಗ ಆಜ್ಞೆ ಕಳಿಸುವುದಿಲ್ಲ. ಪಾದ ನೆಲದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಉಳಿಯುತ್ತದೆ. 100 ಮೀಟರ್‌ಗೆ ಸುಮಾರು 50 ಹೆಜ್ಜೆ ಎಂದು ಲೆಕ್ಕ ಹಾಕಿ. ಒಂದೊಂದು ಹೆಜ್ಜೆಯಲ್ಲಿ ಸೆಕೆಂಡಿನ ಸಾವಿರದ ಎರಡು ಭಾಗ ಕಳೆದರೂ ಕೊನೆಗೆ 0.1 ಸೆಕೆಂಡ್ ಹೋಯಿತು. ಉಳಿದರ್ಧ ಅಲ್ಲಿಗೆ ಸರಿಹೋಯಿತು.

ದೇಹ ಪೂರ್ತಿ ತಾಜಾ ಇದ್ದು ತನ್ನ ಅತಿ ಹೆಚ್ಚಿನ ವೇಗಕ್ಕೆ ಸಿದ್ಧವಾಗಿರುವ ಸ್ಥಿತಿಗೆ ಕೋಚ್‌ಗಳು ಪೀಕ್ ಅನ್ನುತ್ತಾರೆ. ನನಗೆ ನಮ್ಮ ಹದ ಅನ್ನೋ ಮಾತೇ ಚೆಂದ. ಚಿಕ್ಕಿ ಮಾಡುವಾಗ ಬೆಲ್ಲದ ಪಾಕ ನೋಡಿದ್ದೀರಲ್ಲ. ಬೇಗ ಇಳಿಸಿದರೆ ನೀರು, ತಡ ಮಾಡಿದರೆ ಸೀದು ಹೋಗುತ್ತದೆ. ಹದ ಇರುವುದು ನಡುವಿನ ಒಂದು ಗಳಿಗೆಯಲ್ಲಿ. ಓಟಗಾರರ ದೇಹವೂ ಹಾಗೇ. ತಿಂಗಳುಗಟ್ಟಲೆ ಭಾರ ಎತ್ತಿ, ದೂರ ಓಡಿ, ಆಮೇಲೆ ಅಭ್ಯಾಸ ಕಡಿಮೆ ಮಾಡುತ್ತಾ ವೇಗ ಹೆಚ್ಚಿಸಿ, ಸರಿಯಾಗಿ ಬೇಕಾದ ವಾರಕ್ಕೆ ಹದಕ್ಕೆ ತರಬೇಕು. ಆ ಹದ ಕೆಲವು ವಾರ ಮಾತ್ರ ನಿಲ್ಲುತ್ತದೆ. ಕಾಲೇಜು ಓಟಗಾರ್ತಿಗೆ ಅದು ಮಾರ್ಚ್‌ನಲ್ಲಿ ಒಮ್ಮೆ, ಜೂನ್‌ನಲ್ಲಿ ಮತ್ತೊಮ್ಮೆ ಬೇಕು. ಯಾಕಂದರೆ ಸ್ಕಾಲರ್‌ಶಿಪ್ ಕೊಟ್ಟ ವಿಶ್ವವಿದ್ಯಾಲಯಕ್ಕೆ ಅಂಕ ಬೇಕಾಗಿರುವುದು ಆಗ. ಆಗಸ್ಟ್‌ಗೆ ಮೂರನೇ ಸಲ ಪಾಕ ಏರಿಸಬೇಕು. ಉರಿ ಅದೇ, ಬೆಲ್ಲ ಖಾಲಿ.

ಬುಡಾಪೆಸ್ಟ್‌ನಲ್ಲಿ ಆ ರಾತ್ರಿ ಚಿನ್ನ ಗೆದ್ದ ಶಕ್ಯಾರಿ ರಿಚರ್ಡ್‌ಸನ್ 10.65 ಓಡಿದರು. ಅವರೂ ಕಾಲೇಜಿನಿಂದಲೇ ಬಂದವರು. 2019ರಲ್ಲಿ ಲೂಯಿಸಿಯಾನ ಸ್ಟೇಟ್‌ನಲ್ಲಿ ಮೊದಲ ವರ್ಷದಲ್ಲೇ 10.75 ಓಡಿ ಗೆದ್ದು, ತಕ್ಷಣ ವೃತ್ತಿಪರರಾದರು. ಅಂದರೆ 2023ರಲ್ಲಿ ಅವರ ವರ್ಷ ಪೂರ್ತಿ ಆಗಸ್ಟ್ ಕಡೆಗೆ ಮುಖ ಮಾಡಿತ್ತು. ಜೂಲಿಯನ್ ಅದೇ ವರ್ಷ ಎರಡು ರಾಷ್ಟ್ರೀಯ ಕೂಟ ಮುಗಿಸಿ ಬಂದಿದ್ದರು. ಅಷ್ಟಾಗಿಯೂ 100ರಲ್ಲಿ ಐದನೆಯವರು, 200ರಲ್ಲಿ 22.05 ಓಡಿ ನಾಲ್ಕನೆಯವರು. ನನ್ನ ಕಣ್ಣಿಗೆ ಅದು ಸೋಲೇ ಅಲ್ಲ. ದಣಿದ ಕಾಲುಗಳಲ್ಲಿ ವಿಶ್ವದ ಐದನೇ ಓಟಗಾರ್ತಿ ಆದರೆ, ತಾಜಾ ಕಾಲುಗಳಲ್ಲಿ ಏನಾಗಬಹುದು ಎಂದು ಕೇಳಬೇಕಿತ್ತು.

ಹಿಂದಿನ ವರ್ಷ ಮಾತ್ರ ಬೇರೆ ಥರದ ಪೆಟ್ಟು ಬಿದ್ದಿತ್ತು. 2022ರಲ್ಲಿ ಯೂಜೀನ್‌ನ ವಿಶ್ವ ಚಾಂಪಿಯನ್‌ಶಿಪ್ ಸೆಮಿಫೈನಲ್‌ನಲ್ಲಿ ಫಾಲ್ಸ್ ಸ್ಟಾರ್ಟ್. ಗುಂಡಿನ ಸದ್ದಾದ ಮೇಲೆ 0.1 ಸೆಕೆಂಡ್‌ಗಿಂತ ಮುಂಚೆ ಬ್ಲಾಕ್ ಒದ್ದರೂ ತಪ್ಪು. ಮನುಷ್ಯರ ಕಿವಿ ಕೇಳಿ ಕಾಲು ಅಲುಗಾಡಲು ಅಷ್ಟಾದರೂ ಹೊತ್ತು ಬೇಕು ಅನ್ನೋದು ನಿಯಮದ ತರ್ಕ. ಎರಡನೇ ಅವಕಾಶ ಇಲ್ಲ, ನೇರ ಹೊರಗೆ. ಅದಾಗಿ ಕೆಲವೇ ದಿನಗಳಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಕೂಟದಲ್ಲಿ 11.01 ಓಡಿ ಬೆಳ್ಳಿ ಗೆದ್ದರು. ಮುಂದಿದ್ದವರು ಒಲಿಂಪಿಕ್ ಚಾಂಪಿಯನ್ ಇಲೇನ್ ಥಾಂಪ್ಸನ್-ಹೆರಾ ಒಬ್ಬರೇ.

ಊರು ಬದಲಾಗಲಿಲ್ಲ, ವರ್ಷ ಬದಲಾಯಿತು

2023ರ ಮಧ್ಯದಲ್ಲಿ ಜೂಲಿಯನ್ ವೃತ್ತಿಪರರಾದರು. ಪ್ಯೂಮಾ ಜೊತೆ ಒಪ್ಪಂದ ಆಯಿತು. ಓಟದಲ್ಲಿ ಸಂಬಳ ಅನ್ನೋದು ಇಲ್ಲ. ಶೂ ಕಂಪನಿಯ ಒಪ್ಪಂದವೇ ಮುಖ್ಯ ಆದಾಯ. ಅದರ ಮೇಲೆ ಕೂಟಗಳ ಬಹುಮಾನ. 2021ರಿಂದ ಅಮೆರಿಕದ ಕಾಲೇಜು ಆಟಗಾರರು ಓದುತ್ತಲೇ ಜಾಹೀರಾತಿನಿಂದ ದುಡಿಯಬಹುದು. ಆದರೆ ವಿದ್ಯಾರ್ಥಿ ವೀಸಾದಲ್ಲಿ ಇರುವ ವಿದೇಶಿಯರಿಗೆ ಆ ಬಾಗಿಲು ಬಹುತೇಕ ಮುಚ್ಚಿಯೇ ಇರುತ್ತದೆ. ಹಾಗಾಗಿ ಹೊರದೇಶದ ಹುಡುಗಿಗೆ ವೃತ್ತಿಪರಳಾಗುವುದು ಅಂದರೆ ಮೊದಲ ಸಲ ತನ್ನ ಓಟದಿಂದ ಮನೆಗೆ ಹಣ ಕಳಿಸುವುದು.

ಇಲ್ಲಿ ಅವರು ಮಾಡಿದ ಜಾಣತನದ ಕೆಲಸ ಒಂದಿದೆ. ಊರು ಬಿಡಲಿಲ್ಲ, ಕೋಚ್ ಬಿಡಲಿಲ್ಲ. ಅದೇ ಆಸ್ಟಿನ್, ಅದೇ ಫ್ಲೋರಿಯಲ್. ಕಾಲೇಜು ಮುಗಿದ ಕೂಡಲೇ ಹೊಸ ಊರು, ಹೊಸ ಕೋಚ್, ಹೊಸ ಪದ್ಧತಿ ಎಂದು ಹೋಗಿ ಎರಡು ಮೂರು ವರ್ಷ ಕಳೆದುಕೊಂಡವರು ಅನೇಕರು. ಜೂಲಿಯನ್ ಬದಲಾಯಿಸಿದ್ದು ಕ್ಯಾಲೆಂಡರ್ ಒಂದನ್ನೇ. ಅಭ್ಯಾಸಕ್ಕೆ ಜೊತೆಗಾರರೂ ಬಂದರು. ಬ್ರಿಟನ್‌ನ ಡೀನಾ ಆಶರ್-ಸ್ಮಿತ್ ಅದೇ ಕೋಚ್ ಹತ್ತಿರ ಕಲಿಯಲು ಆಸ್ಟಿನ್‌ಗೆ ಬಂದು ನೆಲೆಸಿದರು.

ಚಿಕ್ಕ ದೇಶದವರಿಗೆ ಇನ್ನೊಂದು ಅನುಕೂಲ ಇದೆ, ಅದನ್ನು ಜನ ಗಮನಿಸುವುದು ಕಡಿಮೆ. ಒಂದು ಸ್ಪರ್ಧೆಗೆ ಒಂದು ದೇಶದಿಂದ ಮೂರೇ ಜನ. ಅಮೆರಿಕದಲ್ಲಿ ಆ ಮೂವರಲ್ಲಿ ಒಬ್ಬರಾಗಲು ಜೂನ್ ಕೊನೆಯ ಆಯ್ಕೆ ಕೂಟದಲ್ಲಿ ಜೀವ ಹಾಕಿ ಓಡಬೇಕು. ಜಮೈಕಾದಲ್ಲೂ ಅಷ್ಟೇ. ಅಲ್ಲಿಯೂ ಒಮ್ಮೆ ಹದಕ್ಕೆ ಬರಬೇಕು. ಸೇಂಟ್ ಲೂಸಿಯಾದಲ್ಲಿ ಜೂಲಿಯನ್ ಜೊತೆ ಪೈಪೋಟಿಗೆ ಯಾರೂ ಇಲ್ಲ. ಅರ್ಹತಾ ಸಮಯ ಮುಟ್ಟಿದರೆ ಸಾಕು. ಪ್ಯಾರಿಸ್‌ಗೆ ಮಹಿಳೆಯರ 100 ಮೀಟರ್ ಅರ್ಹತಾ ಸಮಯ 11.07. ಅದು ಎಷ್ಟು ಕಠಿಣ ಎಂದು ತಿಳಿಯಲು ಒಂದು ಹೋಲಿಕೆ: ದ್ಯುತಿ ಚಂದ್ 2021ರಲ್ಲಿ ಪಟಿಯಾಲಾದಲ್ಲಿ ಬರೆದ ಭಾರತದ ದಾಖಲೆ 11.17. ದ್ಯುತಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋದದ್ದು ವಿಶ್ವ ರ‍್ಯಾಂಕಿಂಗ್ ಮೂಲಕ. ಉಳಿದ ಸ್ಥಾನಗಳನ್ನು ತುಂಬುವ ಇನ್ನೊಂದು ದಾರಿ ಅದು.

ಚಿಕ್ಕ ದೇಶದ ಅನಾನುಕೂಲವೂ ಇದೆ. ರಿಲೇಗೆ ನಾಲ್ಕು ಜನ ಸಿಗುವುದಿಲ್ಲ. ತನ್ನ ಓಟ ಕೈಕೊಟ್ಟರೆ ತಂಡದ ಪದಕದ ಸಮಾಧಾನ ಇಲ್ಲ. ಇಡೀ ದೇಶದ ಆಸೆ ಒಬ್ಬಳ ಬೆನ್ನ ಮೇಲೆ.

2024ರ ಮಾರ್ಚ್‌ನಲ್ಲಿ ಗ್ಲಾಸ್ಗೋದ ವಿಶ್ವ ಒಳಾಂಗಣ ಕೂಟದಲ್ಲಿ 60 ಮೀಟರ್ 6.98. ಚಿನ್ನ. ಮೇ ತಿಂಗಳಲ್ಲಿ ಯೂಜೀನ್‌ನಲ್ಲಿ ರಿಚರ್ಡ್‌ಸನ್ ಎದುರು ಓಡಿದರು. ರಿಚರ್ಡ್‌ಸನ್ 10.83, ಜೂಲಿಯನ್ 10.93, ಎರಡನೆಯವರು.

10.93. ಬುಡಾಪೆಸ್ಟ್‌ನ ಅದೇ ಅಂಕಿ! ಆದರೆ ಈ ಸಲ ಅದು ವರ್ಷದ ಕೊನೆಯಲ್ಲಿ ಬಂದದ್ದಲ್ಲ, ಶುರುವಿನಲ್ಲಿ ಬಂದದ್ದು. ಪಾಕ ಇನ್ನೂ ಒಲೆಯ ಮೇಲಿತ್ತು.

ಪ್ಯಾರಿಸ್

ಅದು ಜೂಲಿಯನ್‌ಗೆ ಮೊದಲ ಒಲಿಂಪಿಕ್ಸ್. ಜಮೈಕಾದ ಥಾಂಪ್ಸನ್-ಹೆರಾ ಗಾಯದಿಂದ ಬಂದಿರಲಿಲ್ಲ. ಶೆರಿಕಾ ಜಾಕ್ಸನ್ 100ರಿಂದ ಹಿಂದೆ ಸರಿದರು. ಶೆಲ್ಲಿ-ಆನ್ ಫ್ರೇಜರ್-ಪ್ರೈಸ್ ಸೆಮಿಫೈನಲ್ ಓಡಲಿಲ್ಲ. ಎಲ್ಲರ ಕಣ್ಣು ರಿಚರ್ಡ್‌ಸನ್ ಮೇಲೆ. ಆದರೆ ಸೆಮಿಫೈನಲ್‌ನಲ್ಲಿ ಒಂದೇ ಓಟದಲ್ಲಿ ಇಬ್ಬರೂ ಎದುರಾದಾಗ ಜೂಲಿಯನ್ 10.84, ರಿಚರ್ಡ್‌ಸನ್ 10.89. ಗಮನ ಇಟ್ಟು ನೋಡಿದವರಿಗೆ ಅಲ್ಲೇ ಸುಳಿವು ಸಿಕ್ಕಿತ್ತು.

ಅವತ್ತು ಬೆಳಗ್ಗೆ ಉಸೇನ್ ಬೋಲ್ಟ್ ಓಟಗಳ ವಿಡಿಯೋ ನೋಡಿದೆ, ಆಮೇಲೆ ಒಂದು ಹಾಳೆಯ ಮೇಲೆ 'ಜೂಲಿಯನ್ ಆಲ್ಫ್ರೆಡ್, ಒಲಿಂಪಿಕ್ ಚಾಂಪಿಯನ್' ಎಂದು ಬರೆದುಕೊಂಡೆ ಎಂದು ಅವರು ಆಮೇಲೆ ಹೇಳಿದರು. ಫೈನಲ್ ಹೊತ್ತಿಗೆ ಮಳೆ ಸುರಿಯುತ್ತಿತ್ತು. ಬ್ಲಾಕ್‌ನಿಂದ ಹೊರಬಂದ ಕೆಲವೇ ಹೆಜ್ಜೆಗೆ ಜೂಲಿಯನ್ ಮುಂದೆ. 60 ಮೀಟರ್‌ನಲ್ಲಿ ಮುಂದೆ, ಅದು ಸರಿ, ಅಲ್ಲಿ ಅವರು ಯಾವತ್ತೂ ಮುಂದೆಯೇ. ನಾನು ಉಸಿರು ಬಿಗಿಹಿಡಿದು ಕಾದದ್ದು ಆಮೇಲಿನದಕ್ಕೆ. ಕೊನೆಯ 30 ಮೀಟರ್‌ನಲ್ಲಿ ಹಿಂದಿನವರು ಹತ್ತಿರ ಬರಲಿಲ್ಲ, ಇನ್ನೂ ದೂರವಾದರು.

10.72. ಎದುರಿನಿಂದ 0.1ರ ಗಾಳಿ. ರಿಚರ್ಡ್‌ಸನ್ 10.87, ಮೆಲಿಸ್ಸಾ ಜೆಫರ್ಸನ್ 10.92. ಮೊದಲ ಇಬ್ಬರ ನಡುವಿನ ಅಂತರ 0.15 ಸೆಕೆಂಡ್. ಆ ವೇಗದಲ್ಲಿ ಅದು ಸುಮಾರು ಒಂದೂವರೆ ಮೀಟರ್. ಒಲಿಂಪಿಕ್ಸ್ ಫೈನಲ್‌ನಲ್ಲಿ ಇಷ್ಟು ಜಾಗ ಸಿಗುವುದು ಬಲು ಅಪರೂಪ. ಗೆದ್ದ ಮೇಲೆ ಅವರು ನೆನೆಸಿಕೊಂಡದ್ದು ದೇವರನ್ನು, ಕೋಚನ್ನು, 2013ರಲ್ಲಿ ಹೋದ ಅಪ್ಪನನ್ನು. ಹಾಗೇ ತಮ್ಮ ದೇಶಕ್ಕೊಂದು ಸರಿಯಾದ ಸ್ಟೇಡಿಯಂ ಬೇಕು ಎಂದೂ ಹೇಳಿದರು. ಕೊರಳಿಗೆ ಚಿನ್ನ ಬೀಳುವ ರಾತ್ರಿ ಊರಿನ ಮಕ್ಕಳ ಟ್ರ್ಯಾಕ್ ನೆನಪಾಯಿತಲ್ಲ, ನನಗೆ ಈ ಓಟಗಾರ್ತಿ ಇಷ್ಟವಾಗಲು ಅದೇ ದೊಡ್ಡ ಕಾರಣ.

ಮೂರು ದಿನ ಬಿಟ್ಟು 200 ಮೀಟರ್‌ನಲ್ಲಿ 22.08 ಓಡಿ ಬೆಳ್ಳಿ. ಚಿನ್ನ ಗ್ಯಾಬಿ ಥಾಮಸ್‌ಗೆ. ಹಾರ್ವರ್ಡ್‌ನಲ್ಲಿ ನರಜೀವಶಾಸ್ತ್ರ ಓದಿ, ಕಾಲೇಜು ಚಾಂಪಿಯನ್ ಆಗಿ ಬಂದವರು ಅವರು. ಅವರೂ ಆಸ್ಟಿನ್‌ನಲ್ಲೇ ಅಭ್ಯಾಸ ಮಾಡುವವರು. ಸೇಂಟ್ ಲೂಸಿಯಾದಲ್ಲಿ ಆ ವರ್ಷದ ಸೆಪ್ಟೆಂಬರ್ 27ನ್ನು ಜೂಲಿಯನ್ ಆಲ್ಫ್ರೆಡ್ ದಿನ ಎಂದು ಆಚರಿಸಿದರು.

ಈಗ 21.73ಕ್ಕೆ ಬರೋಣ. ಆಸ್ಟಿನ್‌ನಲ್ಲಿ ಗಾಳಿ ಕೊಟ್ಟು ಗಾಳಿಯೇ ಕಸಿದುಕೊಂಡ 200 ಮೀಟರ್ ಸಮಯ. 2025ರ ಜುಲೈನಲ್ಲಿ ಲಂಡನ್‌ನಲ್ಲಿ ಜೂಲಿಯನ್ 21.71 ಓಡಿದರು. ಗಾಳಿ ನಿಯಮದೊಳಗಿತ್ತು. ದಾಖಲೆ ಪುಸ್ತಕಕ್ಕೆ ಸೇರಿತು. ಸೆಪ್ಟೆಂಬರ್‌ನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್. 100ರ ಫೈನಲ್‌ನಲ್ಲಿ ಓಡುತ್ತಿರುವಾಗಲೇ ತೊಡೆಯ ಹಿಂಭಾಗದ ಸ್ನಾಯು ಹಿಡಿಯಿತು. ಆದರೂ 10.84ರಲ್ಲಿ ಕಂಚು. ಗೆದ್ದವರು ಮೆಲಿಸ್ಸಾ ಜೆಫರ್ಸನ್-ವುಡನ್, 10.61. ಪ್ಯಾರಿಸ್‌ನಲ್ಲಿ ಜೂಲಿಯನ್ ಹಿಂದೆ ಮೂರನೆಯವರಾಗಿ ಬಂದ ಅದೇ ಮೆಲಿಸ್ಸಾ. 2022ರಲ್ಲಿ ಅವರೂ ಕಾಲೇಜು 60 ಮೀಟರ್ ಚಾಂಪಿಯನ್.

200 ಮೀಟರ್‌ನಿಂದ ಜೂಲಿಯನ್ ಹಿಂದೆ ಸರಿಯಬೇಕಾಯಿತು. ಅದನ್ನೂ ಮೆಲಿಸ್ಸಾ ಅವರೇ ಗೆದ್ದರು. ಸಮಯ 21.68. ಜೂಲಿಯನ್ ಜುಲೈನಲ್ಲಿ ಲಂಡನ್‌ನಲ್ಲಿ ಓಡಿದ್ದಕ್ಕಿಂತ 0.03 ಸೆಕೆಂಡ್ ಮಾತ್ರ ಮುಂದೆ.